ಕೆಟ್ಟುನಿಂತ ಡಿಶ್‌ವಾಶರ್: ದೋಷದ ಪತ್ತೆ, ಹೊಣೆಯ ನಿರ್ಣಯ ಮತ್ತು ಗ್ರಾಹಕರ ಹಕ್ಕು

ಮನೆಯಲ್ಲಿರುವ ಡಿಶ್‌ವಾಶರ್, ಅಂದರೆ ಪಾತ್ರೆ ತೊಳೆಯುವ ಯಂತ್ರ, ಕೆಟ್ಟುನಿಂತಾಗ ದೋಷ ಎಲ್ಲಿದೆ ಎಂಬ ಪ್ರಶ್ನೆಯನ್ನು ರಿಪೇರಿಯವರಿಗೂ, ಹೊಣೆ ಯಾರದು ಎಂಬ ಪ್ರಶ್ನೆಯನ್ನು ವಕೀಲರಿಗೂ ಬಿಟ್ಟುಕೊಡುವುದು ರೂಢಿ. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಚೌಕಟ್ಟಿನಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದು ಮೊದಲನೆಯದರಿಂದಲೇ. ಯಂತ್ರದ ಗುಣಮಟ್ಟದಲ್ಲೇ ಕೊರತೆಯಿದ್ದರೆ ಅದು ಸರಕಿನ ‘ದೋಷ’ ಎನಿಸಿ ತಯಾರಕರ ಮತ್ತು ಮಾರಾಟಗಾರರ ಮೇಲೆ ಬರುತ್ತದೆ. ಅಳವಡಿಸುವಾಗ ಅಥವಾ ದುರಸ್ತಿ ಮಾಡುವಾಗ ಆದ ತಪ್ಪು ‘ಸೇವಾ ನ್ಯೂನತೆ’ ಎನಿಸಿ ಆ ಸೇವೆ ಕೊಟ್ಟವರ ಮೇಲೆ ಬರುತ್ತದೆ. ನೀರು, ವಿದ್ಯುತ್ತು ಅಥವಾ ಬಳಕೆಯ ಕ್ರಮದಿಂದ ಕೆಟ್ಟಿದ್ದರೆ ದೂರಿಗೆ ಆಧಾರವೇ ಉಳಿಯದಿರಬಹುದು. ಆದ್ದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ನಿವಾಸಿಗಳು ಕಂಪನಿಗೆ ಫೋನ್ ಮಾಡುವ ಮೊದಲೇ ಕೆಲವು ಸರಳ ಪರೀಕ್ಷೆಗಳನ್ನು ತಾವೇ ಮಾಡಿ, ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡುವುದು ಅಗತ್ಯ.

ಈ ಭಾಗದ ಬಹುಮಹಡಿ ಸೊಸೈಟಿಗಳಲ್ಲಿ ಮೊದಲು ನೋಡಬೇಕಾದದ್ದು ನೀರಿನ ಒತ್ತಡ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ; ಕೆಲವು ಮಾದರಿಗಳ ಕೈಪಿಡಿ ಕನಿಷ್ಠ 0.5 ಬಾರ್ ಕೇಳುತ್ತದೆ. ಟ್ಯಾಂಕಿನ ತಳದಿಂದ ಮೂರು ಮೀಟರ್ ಮಾತ್ರ ಕೆಳಗಿರುವ ಮೇಲಂತಸ್ತಿನ ಅಡುಗೆಮನೆಗೆ ಪಂಪಿನ ನೆರವಿಲ್ಲದೆ 0.3 ಬಾರ್‌ನಷ್ಟೇ ಒತ್ತಡ ಸಿಗುವುದರಿಂದ, ಅಂಥ ಮಾದರಿಯ ಯಂತ್ರವು ಯಾವ ದೋಷವೂ ಇಲ್ಲದೆ ನೀರು ಸಾಲದೆ ನಿಂತುಬಿಡಬಹುದು. ಇಲ್ಲಿ ಒಂದು ಕಾನೂನು ಸೂಕ್ಷ್ಮವಿದೆ: ಅಳವಡಿಸಲು ಬಂದ ಕಂಪನಿಯ ಟೆಕ್ನಿಷಿಯನ್ ಒತ್ತಡವನ್ನು ಪರೀಕ್ಷಿಸದೆ, ಕೊರತೆಯನ್ನು ತಿಳಿಸದೆ ಜೋಡಿಸಿ ಹೋಗಿದ್ದರೆ, ಅದನ್ನು ಸೇವಾ ನ್ಯೂನತೆ ಎಂದು ವಾದಿಸಲು ಗ್ರಾಹಕರಿಗೆ ಗಟ್ಟಿಯಾದ ನೆಲೆ ಸಿಗುತ್ತದೆ. ನೀರು ಒಳಬರುವ ಕೊಳವೆಯ ಬಾಯಲ್ಲಿರುವ ಸಣ್ಣ ಜಾಲರಿಯಲ್ಲಿ ಮಣ್ಣು ಕೂತಿದೆಯೇ ಎಂಬುದನ್ನು, ನಲ್ಲಿ ಮುಚ್ಚಿ, ಪ್ಲಗ್ ಕಿತ್ತ ಮೇಲೆಯೇ ನೋಡಬೇಕು.

ನೀರು ಹೊರಹೋಗದಿದ್ದರೆ ತಳದ ಫಿಲ್ಟರಿನಲ್ಲಿ ಅನ್ನದ ಅಗುಳು, ಕರಿಬೇವಿನ ಕಡ್ಡಿ ಸಿಕ್ಕಿಕೊಂಡಿರುವುದೇ ಸಾಮಾನ್ಯ ಕಾರಣ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಕಟ್ಟಡಗಳಲ್ಲಿ ಗಾಜಿನ ಲೋಟಗಳ ಮೇಲೆ ಬಿಳಿ ಪೊರೆ ಕೂತರೆ, ಗಡಸು ನೀರನ್ನು ಮೆದುಗೊಳಿಸುವ ಉಪ್ಪು ಮುಗಿದಿದೆ ಅಥವಾ ಗಡಸುತನದ ಸೆಟ್ಟಿಂಗ್ ತಪ್ಪಿದೆ ಎಂದು ಊಹಿಸಬಹುದು. ತೊಳೆಯುವ ಕೆಲಸ ನಡೆಯದಿದ್ದರೂ ನೀರು ಹೊರಹಾಕುವ ಪಂಪು ಒಂದೇ ಸಮನೆ ಓಡುತ್ತಿದ್ದರೆ ಮಾತ್ರ ವಿಷಯ ಗಂಭೀರ. ಅನೇಕ ಮಾದರಿಗಳಲ್ಲಿ ಒಳಗೆಲ್ಲೋ ಸೋರಿದ ನೀರು ತಳದ ತಟ್ಟೆಯಲ್ಲಿ ತುಂಬಿ, ಅಲ್ಲಿರುವ ತೇಲುಬಿಲ್ಲೆ ಮೇಲೆದ್ದು, ಸುರಕ್ಷತಾ ಸ್ವಿಚ್ಚು ಒತ್ತಿಹೋಗಿರುತ್ತದೆ. ಆಗ ನಲ್ಲಿ ಮತ್ತು ವಿದ್ಯುತ್ ಎರಡನ್ನೂ ಬಂದ್ ಮಾಡಿ, ಪರದೆಯ ಮೇಲಿನ ದೋಷಸಂಕೇತದ ಚಿತ್ರ ತೆಗೆದಿಟ್ಟುಕೊಂಡು, ಯಂತ್ರದ ಹೊದಿಕೆಯನ್ನು ಬಿಚ್ಚದೆ ಬಿಡಬೇಕು. ಬಿಚ್ಚಿದರೆ ಆಘಾತದ ಅಪಾಯವಿದೆ, ವಾರಂಟಿಯ ಹೊಣೆಯಿಂದ ಜಾರಿಕೊಳ್ಳಲು ಕಂಪನಿಗೆ ನೆಪವೂ ಸಿಗುತ್ತದೆ.

ವ್ಯಾಜ್ಯದ ಗತಿಯನ್ನು ನಿರ್ಧರಿಸುವ ದಾಖಲೆ ಬಹುಮಟ್ಟಿಗೆ ಒಂದೇ: ಟೆಕ್ನಿಷಿಯನ್ ಮೊದಲ ಭೇಟಿಯಲ್ಲಿ ಬರೆಯುವ ಜಾಬ್ ಶೀಟ್, ಅಂದರೆ ಪರಿಶೀಲನೆ ಮತ್ತು ದುರಸ್ತಿಯ ವರದಿ. ಯಂತ್ರದಲ್ಲಿ ತಯಾರಿಕಾ ದೋಷವಿದೆ ಎಂಬುದನ್ನು ಸಾಬೀತುಪಡಿಸುವ ಹೊಣೆ ದೂರುದಾರರದೇ, ಅದಕ್ಕೆ ತಜ್ಞರ ಅಭಿಪ್ರಾಯ ಬೇಕು ಎಂಬ ನಿಲುವನ್ನು ರಾಷ್ಟ್ರೀಯ ಗ್ರಾಹಕ ಆಯೋಗವು ವಾಹನಗಳ ಪ್ರಕರಣಗಳಲ್ಲಿ ತಳೆದಿರುವುದರಿಂದ, ಕಂಪನಿಯ ತಜ್ಞನೇ ‘ಪಂಪು ಕೆಟ್ಟಿದೆ’ ಎಂದು ಬರೆದುಕೊಟ್ಟ ಹಾಳೆ ಅಮೂಲ್ಯ. ಬರವಣಿಗೆ ವಾಸ್ತವಕ್ಕೆ ವಿರುದ್ಧವಾಗಿದ್ದರೆ ಸಹಿಯ ಪಕ್ಕದಲ್ಲೇ ಆಕ್ಷೇಪ ಬರೆಯಬೇಕು. ಓಟಿಪಿ ಪಡೆದು ದೂರನ್ನು ಮುಗಿಸುವ ಪದ್ಧತಿಯಿರುವಲ್ಲಿ, ಯಂತ್ರ ನಿಜವಾಗಿಯೂ ನಡೆಯುವ ತನಕ ಓಟಿಪಿ ಕೊಡಬಾರದು. ಮತ್ತೊಂದು ಮಿತಿಯನ್ನೂ ತಿಳಿದಿರುವುದು ಒಳ್ಳೆಯದು: ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿಯು ಕೆಟ್ಟ ಭಾಗದ ಬದಲಾವಣೆಗಷ್ಟೇ ಸೀಮಿತವಾಗಿದ್ದರೆ ಇಡೀ ವಾಹನವನ್ನು ಬದಲಿಸಲು ಆದೇಶಿಸಲಾಗದು ಎಂದಿದೆ. ಹೀಗಾಗಿ ಹೊಸ ಯಂತ್ರವನ್ನೇ ಕೇಳುವವರು ಅದೇ ದೋಷ ಮರುಕಳಿಸಿದ್ದನ್ನು ಒಂದರ ಮೇಲೊಂದು ಜಾಬ್ ಶೀಟಿನಿಂದ ತೋರಿಸಬೇಕಾಗುತ್ತದೆ.

ವಾರಂಟಿ ಮುಗಿದ ಮೇಲೂ ಹಕ್ಕು ಮುಗಿಯುವುದಿಲ್ಲ. ಹಣ ಪಡೆದು ದುರಸ್ತಿ ಮಾಡುವ ಗಲ್ಲಿಯ ರಿಪೇರಿಯವರೂ ಕಾಯ್ದೆಯ ಅರ್ಥದಲ್ಲಿ ಸೇವೆ ಒದಗಿಸುವವರೇ. ಬಿಲ್ ಕೊಡದಿರುವುದನ್ನು ಕಲಂ 2(47) ‘ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಕರೆಯುತ್ತದೆ. ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿ ತಯಾರಕರ ಕೈಯಲ್ಲೇ ಉಳಿಯಬಾರದೆಂಬ ಆಶಯದಿಂದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಆದರೆ ಈ ದುರಸ್ತಿಯ ಹಕ್ಕಿಗೆ ಪ್ರತ್ಯೇಕ ಕಾಯ್ದೆಯ ಬಲ ಬೇಕು. ಬರಿಯ ಪೋರ್ಟಲ್ ಸಾಲದು. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸೇವಾಕೇಂದ್ರದ ನಂಬರು ನಕಲಿಯಾಗಿ, ಹಣ ಹೋದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಆದರೆ ಇದು ಸಂಧಾನದ ದಾರಿಯಷ್ಟೇ, ಆದೇಶ ಕೊಡುವ ಅಧಿಕಾರ ಇದಕ್ಕಿಲ್ಲ. ಆನ್‌ಲೈನಿನಲ್ಲಿ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಇವೆರಡೂ ಫಲಿಸದಿದ್ದರೆ ಲಿಖಿತ ನೋಟಿಸು ಕಳುಹಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಯಾವ ಆಯೋಗ ಎಂಬಲ್ಲಿ ಈ ಪ್ರದೇಶದವರು ಎಡವುವ ಸಂಭವ ಹೆಚ್ಚು. ಡೊಂಬಿವಲಿ, ಕಲ್ಯಾಣ್‌ಗಳು ಥಾಣೆ ಜಿಲ್ಲೆಗೆ ಸೇರಿವೆ. ನವಿಮುಂಬಯಿ ಎಂಬ ಒಂದೇ ಹೆಸರಿನಡಿ ಎರಡು ಜಿಲ್ಲೆಗಳಿವೆ: ಐರೋಲಿಯಿಂದ ಬೇಲಾಪುರದವರೆಗಿನ ಭಾಗ ಥಾಣೆ ಜಿಲ್ಲೆಯದಾಗಿದ್ದು, ಅದಕ್ಕೆ ಸಿ.ಬಿ.ಡಿ. ಬೇಲಾಪುರದ ಕೊಂಕಣ ಭವನದಲ್ಲಿ ಹೆಚ್ಚುವರಿ ಆಯೋಗವಿದೆ. ಖಾರ್‌ಘರ್, ಕಾಮೋಠೆ, ಪನ್ವೇಲ್‌ಗಳು ರಾಯಗಡ ಜಿಲ್ಲೆಯವಾದ್ದರಿಂದ ಅಲ್ಲಿಯವರ ಆಯೋಗ ಅಲಿಬಾಗ್‌ನಲ್ಲಿದೆ. ಊರಿಗೆ ಹೋದಾಗ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಂತ್ರ ಕೊಂಡು ತಂದ ಕನ್ನಡಿಗ ಕುಟುಂಬಗಳಿಗೆ ಕಲಂ 34 ದೊಡ್ಡ ಅನುಕೂಲ ಮಾಡಿಕೊಟ್ಟಿದೆ: ಹಿಂದಿನ 1986ರ ಕಾಯ್ದೆಯಲ್ಲಿ ಮಾರಾಟಗಾರರು ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರಬೇಕಿತ್ತು, ಈಗ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕನ್ನಡದ ರಸೀದಿಗೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸುವುದು ಕ್ಷೇಮ.

ಈ ಪಟ್ಟಣಗಳಲ್ಲಿ ಹೋಟೆಲು ನಡೆಸುವ ಕನ್ನಡಿಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ‘ವಾಣಿಜ್ಯ ಉದ್ದೇಶಕ್ಕೆ’ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಕೇವಲ ಜೀವನೋಪಾಯಕ್ಕಾಗಿ ಬಳಸುವವರಿಗೆ ವಿನಾಯಿತಿಯಿದೆ. ಈ ಗೆರೆಯನ್ನು ಸುಪ್ರೀಂ ಕೋರ್ಟು 1995ರ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಎಳೆದಿದೆ. ತಾನೇ ಗಲ್ಲಾದಲ್ಲಿ ಕೂತು, ಮನೆಯವರೊಡನೆ ಸಣ್ಣ ಖಾನಾವಳಿ ನಡೆಸುವವರು ಈ ವಿನಾಯಿತಿ ಕೇಳಬಹುದು. ಹಲವು ಶಾಖೆಗಳ ಮಾಲೀಕರಿಗೆ ಅದು ದಕ್ಕುವುದು ಕಷ್ಟ.

ಕೊಂಡ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಮನೆಯ ಡಿಶ್‌ವಾಶರ್‌ಗಳೆಲ್ಲ ಬಹುತೇಕ ಈ ಮಿತಿಯೊಳಗೇ ಬರುತ್ತವೆ. ವಕೀಲರು ಕಡ್ಡಾಯವಲ್ಲ. ‘ಇ-ಜಾಗೃತಿ’ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ನೋಟಿಸು ತಲುಪಿದ ಎದುರುದಾರರು 30 ದಿನದಲ್ಲಿ, ಆಯೋಗ ಒಪ್ಪಿದರೆ ಇನ್ನು 15 ದಿನದಲ್ಲಿ ಉತ್ತರಿಸಬೇಕು. ಯಂತ್ರದ ತಾಂತ್ರಿಕ ಪರೀಕ್ಷೆ ಬೇಕಿಲ್ಲದಿದ್ದರೆ ಮೂರು ತಿಂಗಳಲ್ಲಿ, ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಪಿಗೆ ಯತ್ನಿಸಬೇಕೆಂದು ಕಲಂ 38 ಹೇಳುತ್ತದಾದರೂ ಈ ಗಡುವು ಪಾಲನೆಯಾಗದೆ ಉಳಿಯುವುದು ಗ್ರಾಹಕ ನ್ಯಾಯದ ದೊಡ್ಡ ಕೊರತೆ. ದೋಷ ನಿವಾರಣೆ, ಯಂತ್ರದ ಬದಲಾವಣೆ, ಹಣ ವಾಪಸು, ನಷ್ಟಪರಿಹಾರ, ಇವುಗಳಲ್ಲಿ ಸೂಕ್ತವಾದದ್ದನ್ನು ಆಯೋಗ ಆದೇಶಿಸಬಹುದು. ಆದೇಶ ಪಾಲಿಸದವರಿಗೆ ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು.

ದೂರಿಗೆ ಕಲಂ 69 ಇಟ್ಟಿರುವ ಅವಧಿ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಬಿಡಿಭಾಗ ಬರಲಿದೆ ಎಂಬ ಭರವಸೆಯಾಗಲಿ, ಗ್ರಾಹಕರು ಮತ್ತೆಮತ್ತೆ ಬರೆಯುವ ಪತ್ರವಾಗಲಿ ಆ ಎಣಿಕೆಯನ್ನು ತಾನಾಗಿ ನಿಲ್ಲಿಸುವುದಿಲ್ಲ. ಆದ್ದರಿಂದ ಮಾತುಕತೆ ನಡೆಯುತ್ತಿದ್ದರೂ ಅವಧಿ ಮುಗಿಯುವ ಮೊದಲೇ ದೂರು ದಾಖಲಿಸಬೇಕು.