ಬೆಸುಗೆಯ ಹೊಗೆಯಿಂದ ಕುಟುಂಬದ ರಕ್ಷಣೆ

ಗ್ರಾಮೀಣ ದಂಪತಿಗಳೇ,

ಇಂದು ಅನೇಕ ಹಳ್ಳಿಗಳಲ್ಲಿ ಮೊಬೈಲ್, ಟಿ.ವಿ., ಎಲ್.ಇ.ಡಿ. ದೀಪ ಮುಂತಾದವುಗಳ ದುರಸ್ತಿಯು ಮನೆಯ ಪಡಸಾಲೆಯಲ್ಲಿಯೇ ನಡೆಯುತ್ತದೆ. ಸಂಸಾರಕ್ಕೆ ಆಧಾರವಾಗುವ ಒಳ್ಳೆಯ ಕಸುಬು ಇದು. ಆದರೆ ಸೋಲ್ಡರಿಂಗ್ ಎಂದು ಕರೆಯುವ ಬೆಸುಗೆ ಕೆಲಸ ನಡೆಯುವ ಮೇಜಿನ ಬಳಿಯಲ್ಲಿಯೇ ಮಗು ಅಂಬೆಗಾಲಿಡುತ್ತಿರುತ್ತದೆ. ಗರ್ಭಿಣಿಯೂ ಅದೇ ಗಾಳಿಯನ್ನು ಉಸಿರಾಡುತ್ತಾಳೆ. ಕಸುಬನ್ನು ಬಿಡದೆ ಕುಟುಂಬವನ್ನು ಕಾಪಾಡಿಕೊಳ್ಳುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ಹಾನಿ ಹೇಗೆ ಉಂಟಾಗುತ್ತದೆ?

ಬೆಸುಗೆಯಿಂದ ಒದಗುವ ಅಪಾಯಗಳು ಎರಡು. ಅವು ದೇಹವನ್ನು ಸೇರುವ ದಾರಿಗಳೂ ಬೇರೆ ಬೇರೆ.

ಮೊದಲನೆಯದು ಹೊಗೆ. ಬೆಸುಗೆಯ ತಂತಿಯೊಳಗೆ ಸಾಮಾನ್ಯವಾಗಿ ಪೈನ್ ಮರದ ರಾಳವಿರುತ್ತದೆ. ಕಾದ ಕಬ್ಬಿಣ ತಗುಲಿದೊಡನೆ ಮೇಲೇಳುವ ಬಿಳಿ ಹೊಗೆ ಈ ರಾಳದ್ದು. ಇದು ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ಬಹುಕಾಲ ಸೇವಿಸಿದವರಲ್ಲಿ ಕೆಲವರಿಗೆ ಉಬ್ಬಸ ಅಂಟಿಕೊಳ್ಳುತ್ತದೆ. ಒಮ್ಮೆ ಹೀಗಾದ ಮೇಲೆ ಅಲ್ಪ ಹೊಗೆಯೂ ಉಸಿರು ಕಟ್ಟಿಸಬಲ್ಲದು.

ಎರಡನೆಯದು ಸೀಸ. ಪೇಟೆಯಲ್ಲಿ ದೊರೆಯುವ ಸಾಮಾನ್ಯ ತಂತಿಯಲ್ಲಿ 100ಕ್ಕೆ ಸುಮಾರು 60 ಪಾಲು ತವರ, 40 ಪಾಲು ಸೀಸವಿರುತ್ತದೆ. ಬೆಸುಗೆಯ ಶಾಖದಲ್ಲಿ ಸೀಸವು ಕರಗುವುದೇ ಹೊರತು ಹೆಚ್ಚಾಗಿ ಆವಿಯಾಗುವುದಿಲ್ಲ. ಅದು ಕೈಗೆ ಅಂಟಿ, ಧೂಳಾಗಿ ನೆಲಕ್ಕೆ ಬಿದ್ದು, ಬಾಯಿಯ ಮೂಲಕ ಒಡಲನ್ನು ಸೇರುತ್ತದೆ. ತಾಯಿಯ ರಕ್ತದಲ್ಲಿರುವ ಸೀಸವು ಮಾಸನ್ನು ದಾಟಿ ಗರ್ಭದ ಶಿಶುವನ್ನೂ ತಲುಪುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಇದರಿಂದ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಇಷ್ಟು ಸೀಸದಿಂದ ಹಾನಿಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಹೊಗೆಯನ್ನು ಹೊರದೂಡುವ ಪೆಟ್ಟಿಗೆ

ಬೇಕಾಗುವ ಸಾಮಗ್ರಿಗಳು:

1. ಕಂಪ್ಯೂಟರಿನಲ್ಲಿ ಬಳಸುವ 12 ಸೆಂ.ಮೀ. ಅಗಲದ, 12 ವೋಲ್ಟಿನ ಫ್ಯಾನು – 1
2. 12 ವೋಲ್ಟ್ ಡಿ.ಸಿ., 1 ಆಂಪಿಯರಿನ ಅಡಾಪ್ಟರ್ – 1
3. ಪ್ಲೈವುಡ್ ತುಂಡುಗಳು, ತಿರುಪು ಮೊಳೆಗಳು, ಅಂಟುಪಟ್ಟಿ
4. 4 ಅಂಗುಲದ ಪಿ.ವಿ.ಸಿ. ಕೊಳವೆ, ಒಂದು ಬೆಂಡ್
5. ತಂತಿ ಜಾಲರಿ

ಮಾಡುವ ವಿಧಾನ: ಒಳಗಡೆ 15 ಸೆಂ.ಮೀ. ಅಗಲ, ಎತ್ತರ ಮತ್ತು ಆಳವಿರುವ, ಮುಂಭಾಗ ತೆರೆದ ಪೆಟ್ಟಿಗೆಯನ್ನು ಜೋಡಿಸಿರಿ. ಹಿಂಬದಿಯ ಹಲಗೆಯಲ್ಲಿ ಕೊಳವೆ ಹಿಡಿಯುವಷ್ಟು ದುಂಡಗಿನ ರಂಧ್ರ ಕೊರೆಯಿರಿ. ಫ್ಯಾನನ್ನು ಪೆಟ್ಟಿಗೆಯ ಒಳಗಿನಿಂದ ಆ ರಂಧ್ರದ ಮೇಲೆ ಬಿಗಿಯಿರಿ. ಗಾಳಿಯು ಕೊಳವೆಯ ಕಡೆಗೆ ಹೋಗಬೇಕು. ಅಡಾಪ್ಟರಿನ ಧನ ತಂತಿಯನ್ನು ಫ್ಯಾನಿನ ಕೆಂಪು ತಂತಿಗೂ ಋಣ ತಂತಿಯನ್ನು ಕಪ್ಪು ತಂತಿಗೂ ಜೋಡಿಸಿ, ಕೂಡುಗಳಿಗೆ ಇನ್ಸುಲೇಷನ್ ಟೇಪು ಸುತ್ತಿರಿ. ಈ ಫ್ಯಾನಿಗೆ ಮನೆಯ 230 ವೋಲ್ಟ್ ವಿದ್ಯುತ್ತನ್ನು ಎಂದಿಗೂ ನೇರವಾಗಿ ಕೊಡಬಾರದು. ಮುಂಭಾಗಕ್ಕೆ ಮಕ್ಕಳ ಬೆರಳು ತೂರದಂತೆ ಜಾಲರಿ ಹಾಕಿ, ಸಂದುಗಳನ್ನು ಅಂಟುಪಟ್ಟಿಯಿಂದ ಮುಚ್ಚಿರಿ.

ಕೊಳವೆಯನ್ನು ಕಿಟಕಿಯ ಮೂಲಕ ಹೊರಕ್ಕೆ ಒಯ್ಯಿರಿ. ಸಣ್ಣ ಫ್ಯಾನಿಗೆ ನೂಕುವ ಬಲ ಕಡಿಮೆ. ಆದುದರಿಂದ ಕೊಳವೆಯು ನೇರವಾಗಿದ್ದು, ಸುಮಾರು 1 ಮೀಟರಿಗಿಂತ ಉದ್ದವಾಗದಿರಲಿ. ಹೊರತುದಿಗೆ ಬೆಂಡನ್ನು ಕೆಳಮುಖವಾಗಿ ಹಾಕಿದರೆ ಮಳೆನೀರು ಒಳಬಾರದು. ಆ ತುದಿಯು ನೆರೆಮನೆಯ ಕಿಟಕಿ, ಅಡಿಗೆಮನೆ ಅಥವಾ ಕೊಟ್ಟಿಗೆಯ ಕಡೆಗೆ ಇರಬಾರದು. ಕೋಣೆಗೆ ಹೊಸ ಗಾಳಿ ಬರಲು ಎದುರಿನ ಬಾಗಿಲನ್ನು ತೆರೆದಿಡಿರಿ.

ಕೆಲವರು ಕೊಳವೆಗೆ ಬದಲಾಗಿ ಇದ್ದಿಲು ಬೆರೆತ ಸ್ಪಂಜನ್ನಿಟ್ಟು ಗಾಳಿಯನ್ನು ಮರಳಿ ಕೋಣೆಗೇ ಬಿಡುತ್ತಾರೆ. ತೆಳುವಾದ ಸ್ಪಂಜು ಹೊಗೆಯ ಸೂಕ್ಷ್ಮ ಕಣಗಳನ್ನೆಲ್ಲ ಹಿಡಿಯಲಾರದು. ವಾಸನೆ ತಗ್ಗಿದ ಮಾತ್ರಕ್ಕೆ ಅಪಾಯ ತೊಲಗಿತೆಂದು ಭಾವಿಸಬಾರದು.

ಊದುಬತ್ತಿಯ ಪರೀಕ್ಷೆ

ಪೆಟ್ಟಿಗೆಯು ಸರಿಯಾಗಿ ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ಊದುಬತ್ತಿಯಿಂದ ಅರಿಯಬಹುದು. ಸೀಲಿಂಗ್ ಫ್ಯಾನನ್ನು ನಿಲ್ಲಿಸಿರಿ. ಅದು ಹೊಗೆಯನ್ನು ಕೋಣೆಯಲ್ಲೆಲ್ಲ ಹರಡುತ್ತದೆ. ಹಚ್ಚಿದ ಊದುಬತ್ತಿಯನ್ನು ಪೆಟ್ಟಿಗೆಯ ಬಾಯಿಯಿಂದ 10 ಸೆಂ.ಮೀ., ಅನಂತರ 15, ಅನಂತರ 20 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಹೊಗೆಯು ಎಲ್ಲಿಯವರೆಗೆ ಬಾಗಿ ಪೆಟ್ಟಿಗೆಯೊಳಗೆ ಹೋಗುವುದೋ ಅಲ್ಲಿಗೆ ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬೆಸುಗೆಯ ಕೆಲಸವೆಲ್ಲ ಆ ಗೆರೆಯ ಒಳಗೇ ನಡೆಯಬೇಕು. ದೂರ ಹೆಚ್ಚಿದಂತೆ ಸೆಳೆತವು ಬಹು ಬೇಗ ಕುಗ್ಗುತ್ತದೆ. ಕೆಲಸದ ಮೇಲೆ ಮುಖವನ್ನು ಬಾಗಿಸಬಾರದು. ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತೆಗೆದು, ಫ್ಯಾನಿನ ಅಲಗುಗಳಿಗೆ ಅಂಟಿದ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರಸಿ, ಈ ಪರೀಕ್ಷೆಯನ್ನು ಮತ್ತೆ ಮಾಡಿರಿ.

ಫ್ಯಾನು ತೆಗೆಯಲಾರದ ವಿಷ

ಪೆಟ್ಟಿಗೆಯು ಹೊಗೆಯನ್ನು ಕಳುಹಿಸುತ್ತದೆ. ಸೀಸವನ್ನು ತಡೆಯುವವರು ನೀವೇ. ಅದಕ್ಕಾಗಿ ಈ ನಿಯಮಗಳನ್ನು ಪಾಲಿಸಿರಿ:

• ತಂತಿಯನ್ನು ಹಲ್ಲಿನಲ್ಲಿ ಕಚ್ಚಬಾರದು. ಮೇಜಿನ ಬಳಿ ಊಟ, ಚಹಾ, ಎಲೆಅಡಿಕೆ, ಬೀಡಿ ಕೂಡದು.
• ಕೆಲಸ ಮುಗಿದೊಡನೆ, ಮಗುವನ್ನು ಎತ್ತಿಕೊಳ್ಳುವ ಮೊದಲು, ಸೋಪಿನಿಂದ ಕೈ ತೊಳೆಯಿರಿ.
• ನೆಲವನ್ನು ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿರಿ. ಕೆಲಸದ ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಿರಿ.
• ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳು ಬೆಸುಗೆಯ ಸ್ಥಳದಿಂದಲೂ ಅದನ್ನು ಶುಚಿಗೊಳಿಸುವ ಕೆಲಸದಿಂದಲೂ ದೂರವಿರಲಿ.
• ಹಳೆಯ ಬೋರ್ಡು, ತಂತಿಗಳನ್ನು ಒಲೆಯಲ್ಲಾಗಲಿ ಹಿತ್ತಿಲಿನಲ್ಲಾಗಲಿ ಸುಡಬಾರದು.

ಸಾಧ್ಯವಾದರೆ ಸೀಸರಹಿತ ತಂತಿಯನ್ನು ಕೊಳ್ಳಿರಿ. ಅದರಲ್ಲಿಯೂ ರಾಳ ಮುಂತಾದ ಹೊಗೆಯಾಡುವ ವಸ್ತುಗಳಿರುವುದರಿಂದ ಪೆಟ್ಟಿಗೆಯ ಬಳಕೆಯನ್ನು ಬಿಡಬಾರದು. ದೇಹದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿದ್ದರೆ ಸೀಸವು ಹೆಚ್ಚು ಹೀರಲ್ಪಡುತ್ತದೆ. ಆದ್ದರಿಂದ ರಾಗಿ, ಸೊಪ್ಪು, ಹಾಲು ಆಹಾರದಲ್ಲಿರಲಿ. ಗರ್ಭಿಣಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಲಿ.

ವೈದ್ಯರನ್ನು ಕಾಣುವುದು

ಬಿಡದ ಕೆಮ್ಮು, ಏದುಸಿರು, ಮಗುವಿಗೆ ಪದೇ ಪದೇ ಹೊಟ್ಟೆನೋವು, ಹಸಿವಿಲ್ಲದಿರುವುದು, ರಕ್ತಹೀನತೆ, ಮಂಕುತನ ಕಂಡುಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮನೆಯಲ್ಲಿ ಬೆಸುಗೆ ಕೆಲಸ ನಡೆಯುವುದನ್ನು ವೈದ್ಯರಿಗೆ ನೀವಾಗಿಯೇ ತಿಳಿಸಿರಿ. ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಬೇಕೇ ಎಂಬುದನ್ನು ಅವರು ನಿರ್ಧರಿಸುವರು. ಸೀಸದ ವಿಷವು ಯಾವ ಲಕ್ಷಣವನ್ನೂ ತೋರದೆ ಮಗುವನ್ನು ಬಾಧಿಸಬಹುದು. ಆದುದರಿಂದ ಕಾಯಿಲೆಗೆ ಕಾಯದೆ ಪೆಟ್ಟಿಗೆಯನ್ನು ಈ ವಾರವೇ ಜೋಡಿಸಿರಿ. ಒಬ್ಬರು ಹಲಗೆ ಕೊಯ್ದರೆ ಮತ್ತೊಬ್ಬರು ಊದುಬತ್ತಿ ಹಿಡಿದು ಪರೀಕ್ಷಿಸಿರಿ. ಮನೆಯ ಗಾಳಿಯನ್ನು ಶುದ್ಧವಾಗಿಡುವ ಹೊಣೆ ನಿಮ್ಮಿಬ್ಬರದೂ ಆಗಿದೆ.