ಚದುರಂಗವೀರ ಸುಲ್ತಾನಖಾನ

ಚದುರಂಗವು ಭಾರತದಲ್ಲಿಯೇ ಹುಟ್ಟಿದ ಆಟವೆಂದು ಬಲ್ಲವರು ಹೇಳುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲಿಯೂ ಕುದುರೆಯನ್ನು ಒಂದೊಂದೇ ಸಲ ನಡೆಯಿಸುವ ಬಂಧಗಳನ್ನು ರಚಿಸಿದರು. ಆದರೆ ಯುರೋಪಿನ ಪಂಡಿತರನ್ನು ಅವರ ಮಣೆಯ ಮೇಲೆಯೇ ಸೋಲಿಸಿ ಬಂದವನು ಪಂಜಾಬಿನ ಹಳ್ಳಿಯವನು. ಮೀರ್ ಮಲಿಕ್ ಸುಲ್ತಾನಖಾನನ ಊರು ಮಿಠಾ ಟಿವಾಣಾ. ಅದು ಈಗ ಪಾಕಿಸ್ತಾನದಲ್ಲಿದೆ.

ತಂದೆಯಿಂದ ಅವನು ಕಲಿತದ್ದು ದೇಶೀ ಆಟ. ನಮ್ಮ ಇಂಗಳೇಶ್ವರದಂಥ ಊರುಗಳಲ್ಲಿ ಹಿರಿಯರ ಆಟ ಕಂಡವರಿಗೆ ಅದರ ಜಾಡು ತಿಳಿದೀತು. ಅದರಲ್ಲಿ ಪ್ಯಾದೆಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುತ್ತದೆ. ಕೊನೆಯ ಸಾಲು ಮುಟ್ಟಿದರೆ ಬೇಕಾದ ಕಾಯಾಗದೆ, ಆ ಮನೆಯಲ್ಲಿ ಮೊದಲು ನಿಲ್ಲುವ ಕಾಯೇ ಆಗುತ್ತದೆ. ರಾಜನಿಗೆ ಕೋಟೆ ಕಟ್ಟುವ ಕ್ರಮವೂ ಬೇರೆ. ಹೀಗಾಗಿ ಕಾಳಗ ನಿಧಾನವಾಗಿ ಕೂಡುತ್ತದೆ, ತಾಳ್ಮೆಯುಳ್ಳವನು ಗೆಲ್ಲುತ್ತಾನೆ.

ಜಹಗೀರದಾರ ಸರ್ ಉಮರ್ ಹಯಾತ್ ಖಾನನು ಅವನಿಗೆ ಆಶ್ರಯವಿತ್ತು ಪಾಶ್ಚಾತ್ಯ ನಿಯಮಗಳನ್ನು ಕಲಿಸಿದನು. 1928ರಲ್ಲಿ ಅಖಿಲ ಭಾರತ ಸ್ಪರ್ಧೆಯನ್ನು ಗೆದ್ದ ಸುಲ್ತಾನಖಾನನು ಮರುವರ್ಷ ಯಜಮಾನನೊಡನೆ ಲಂಡನ್ನಿಗೆ ಹೋದನು. ಅಲ್ಲಿಯ ಆಟಗಾರರು ಪುಸ್ತಕದಿಂದ ಬಾಯಿಪಾಠ ಮಾಡಿದ ಆರಂಭದ ನಡೆಗಳು ಇವನಿಗೆ ಹೊಸವು. ಮೊದಲ ಪಂದ್ಯಾವಳಿಯಲ್ಲಿ ಕೆಳಗುಳಿದನು. ಆ ಬಳಿಕ ವಿಂಟರ್ ಮತ್ತು ಯೇಟ್ಸ್ ಎಂಬ ಆಂಗ್ಲ ಆಟಗಾರರೇ ಅವನಿಗೆ ಪಾಠ ಹೇಳಿದರು. ಅದೇ ವರ್ಷ ರಾಮ್ಸ್‌ಗೇಟಿನಲ್ಲಿ ಅವನು ಬ್ರಿಟಿಷ್ ಚಾಂಪಿಯನ್ನನಾದನು! ಗುರುಗಳಿಗೆ ಇದಕ್ಕಿಂತ ಒಳ್ಳೆಯ ದಕ್ಷಿಣೆ ಯಾವುದು?

1932 ಮತ್ತು 1933ರಲ್ಲಿ ಆ ಪದವಿಯನ್ನು ಮತ್ತೆ ಗೆದ್ದನು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವವಿಜೇತ ಕಾಪಾಬ್ಲಾಂಕನನ್ನು ಸೋಲಿಸಿದನು. 1931ರಲ್ಲಿ ಟಾರ್ಟಕೋವರನನ್ನೂ, ಪ್ರಾಗ್ ಒಲಿಂಪಿಯಾಡಿನಲ್ಲಿ ರೂಬಿನ್‌ಸ್ಟೈನನನ್ನೂ ಗೆದ್ದನು. ಆಗ ಅವನು ಆಡಿದ್ದು ಇಂಗ್ಲೆಂಡಿನ ತಂಡದ ಮೊದಲ ಮಣೆಯಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮನ್ನು ಆಳುವವರಿಗೆ ಆಳಿಸಿಕೊಳ್ಳುವವನೇ ಮುಂದಾಳಾಗಿದ್ದನು.

1933ರ ಕೊನೆಗೆ ಯಜಮಾನನೊಡನೆ ತಾಯ್ನಾಡಿಗೆ ಮರಳಿದನು. ಅಂತರರಾಷ್ಟ್ರೀಯ ಆಟ ಅಲ್ಲಿಗೆ ಮುಗಿಯಿತು, ಐದೇ ವರ್ಷ! ಪಾಶ್ಚಾತ್ಯ ಲೇಖಕರು ಅವನನ್ನು 'ಸೇವಕ'ನೆಂದೇ ಬರೆಯುತ್ತ ಬಂದರು; ಮನೆತನದವರು ಅದನ್ನು ಅಲ್ಲಗಳೆದಿದ್ದಾರೆ. ಸೇವಕನೇ ಆಗಿದ್ದರೂ ಮಣೆಯ ಮೇಲಿನ ನಡೆಗಳಿಗೆ ಕುಂದೇನು? ನನಗೆ ಹೆಚ್ಚು ನೋವಾಗುವುದು ಬೇರೆ ಮಾತಿಗೆ. 1950ರಲ್ಲಿ ವಿಶ್ವ ಚದುರಂಗ ಸಂಸ್ಥೆಯು ಮೊದಲ ಬಾರಿ 'ಗ್ರ್ಯಾಂಡ್‌ಮಾಸ್ಟರ್' ಪದವಿಗಳನ್ನು ಕೊಟ್ಟಾಗ, ಇವನಿಂದ ಸೋತ ಟಾರ್ಟಕೋವರ್, ರೂಬಿನ್‌ಸ್ಟೈನ್ ಇಬ್ಬರ ಹೆಸರೂ ಪಟ್ಟಿಯಲ್ಲಿದ್ದವು. ಇವನದಿರಲಿಲ್ಲ. 1966ರಲ್ಲಿ ಸುಲ್ತಾನಖಾನನು ಸರಗೋಧಾದಲ್ಲಿ ತೀರಿಕೊಂಡನು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯು ಅವನ ಹೆಸರಿಗೆ ಬಂದದ್ದು 2024ರಲ್ಲಿ.