ನಿರಾಹಾರವೂ ಪ್ರಸಾದವೂ

ಅನ್ನೋದಕಗಳನ್ನು ತೊರೆದು ಬಾಳುವೆವೆನ್ನುವ ತಪಸ್ವಿಗಳ ವಾರ್ತೆಯನ್ನು ಕೇಳಿದೊಡನೆ ಭಾವುಕರು ಕೈಮುಗಿಯುವುದುಂಟು. ಗುಜರಾತದ ಚರಾಡಾ ಗ್ರಾಮದ ಪ್ರಹ್ಲಾದ ಜಾನಿಯವರು, ಬಾಲ್ಯದಲ್ಲಿ ಅಂಬಾದೇವಿಯ ಅನುಗ್ರಹವಾದಂದಿನಿಂದ ತಮಗೆ ಆಹಾರವೂ ನೀರೂ ಬೇಡವಾದುವೆಂದು ಹೇಳುತ್ತಿದ್ದರು. ಅಹಮದಾಬಾದದ ವೈದ್ಯರು ಅವರನ್ನು 2003ರಲ್ಲಿ 10 ದಿನ, 2010ರಲ್ಲಿ 15 ದಿನ ಪರೀಕ್ಷೆಗೊಳಪಡಿಸಿ, ಅವರು ಏನನ್ನೂ ಸೇವಿಸಲಿಲ್ಲವೆಂದರು. ಬಾಯಿ ಮುಕ್ಕಳಿಸುವುದಕ್ಕೂ ಸ್ನಾನಕ್ಕೂ ಅವರಿಗೆ ನೀರು ದೊರೆಯುತ್ತಿದ್ದಿತೆಂದು ವಿಚಾರವಾದಿಗಳು ಆಕ್ಷೇಪಿಸಿದರು. 2020ರ ಮೇ 26ರಂದು ಜಾನಿಯವರು ದೇಹವಿಟ್ಟರು.

ದೇಹಧರ್ಮವಾದರೋ ಸ್ಪಷ್ಟವಾಗಿದೆ. ಉಸಿರಿನಿಂದಲೂ ಚರ್ಮದಿಂದಲೂ ನೀರು ಎಡೆಬಿಡದೆ ಹೊರಹೋಗುತ್ತದೆ. ರಕ್ತದ ಕಲ್ಮಷವನ್ನು ಕಳೆಯಲು ಮೂತ್ರಪಿಂಡಗಳಿಗೆ ದಿನಕ್ಕೆ ಸುಮಾರು ಅರ್ಧ ಲೀಟರಿನಷ್ಟಾದರೂ ನೀರು ಬೇಕು. ನೀರನ್ನು ಪೂರ್ಣ ತೊರೆದವನು ಕೆಲವೇ ದಿನಗಳಲ್ಲಿ ಅಳಿಯುತ್ತಾನೆ. ಅನ್ನನೀರಿಲ್ಲದೆ ಬದುಕಬಹುದೆಂಬ ಬೋಧೆಯನ್ನು ನಂಬಿ 1999ರಲ್ಲಿ ಸ್ಕಾಟ್ಲೆಂಡದಲ್ಲಿ ಓರ್ವ ಮಹಿಳೆ ಪ್ರಾಣ ನೀಗಿದಳು. ಆದುದರಿಂದ ಇದು ಕೇವಲ ಕುತೂಹಲದ ವಿಷಯವಾಗಿರದೆ, ಜೀವದ ಪ್ರಶ್ನೆಯೂ ಆಗಿದೆ.

ಶರಣಧರ್ಮವು ಇದಕ್ಕೆ ಏನನ್ನುತ್ತದೆ? ಅಷ್ಟಾವರಣಗಳಲ್ಲಿ ಪಾದೋದಕವೂ ಪ್ರಸಾದವೂ ಸೇರಿವೆ. ಒಂದು ನೀರು, ಇನ್ನೊಂದು ಅನ್ನ. ಕಾಯಕದಿಂದ ಗಳಿಸಿ, ದಾಸೋಹದಲ್ಲಿ ಹಂಚಿ, ಲಿಂಗಕ್ಕರ್ಪಿಸಿ ಕೊಂಡ ತುತ್ತೇ ಪ್ರಸಾದ. ಉಣ್ಣುವುದೇ ಸಾಧನೆಯಾಗಿರುವಲ್ಲಿ ಉಣ್ಣದಿರುವುದು ಹಿರಿಮೆಯಾಗಲಾರದು. ಮಾರಯ್ಯನು ಮಿತಿಮೀರಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಮರಳಿ ಕಳುಹಿಸಿದಳು. ಆಕೆ ಹಸಿವನ್ನು ಅಲ್ಲಗಳೆಯಲಿಲ್ಲ. ಆಸೆಗೆ ಎಲ್ಲೆ ಹಾಕಿದಳು. ಕಾಯಸಿದ್ಧಿಯಿಂದ ವಜ್ರದೇಹಿಯಾದೆನೆಂದು ಬೀಗಿದ ಗೋರಕ್ಷನಿಗೆ ಪ್ರಭುದೇವರು ಆ ಸಿದ್ಧಿಯ ಬರಿದುತನವನ್ನು ತೋರಿಸಿಕೊಟ್ಟ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ.

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಜನಕ್ಕೆ ಈ ಬೋಧೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾದ ಈ ನಾಡು 1876-78ರ ಭೀಕರ ಕ್ಷಾಮದಲ್ಲಿ ಅನ್ನವಿಲ್ಲದೆ ಬಳಲಿತು. ಕೃಷ್ಣೆಯ ನೀರನ್ನು ಮೇಲೆತ್ತಿ ಹೊಲಗಳಿಗೆ ಹರಿಸಲೆಂದೇ ತುಬಚಿ-ಬಬಲೇಶ್ವರ ಏತ ನೀರಾವರಿಯು ರೂಪುಗೊಂಡಿತು. ಬರವನ್ನು ಕಂಡ ಈ ನೆಲದಲ್ಲಿ ಹಸಿವಿಲ್ಲದಿರುವುದನ್ನು ದೈವತ್ವವೆಂದು ಹೊಗಳಿದರೆ, ಹಸಿದವನ ನೋವನ್ನು ಹಗುರ ಮಾಡಿದಂತಾಗುತ್ತದೆ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ನಿರಾಕರಿಸಿದರು. 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗೆ ಸ್ಮಾರಕವೂ ಬೇಡವೆಂದು ಅವರು ಮೊದಲೇ ಬರೆದಿಟ್ಟಿದ್ದರು. ಜನರು ಅವರನ್ನು ನೆನೆಯುವುದು ಯಾವ ಪವಾಡಕ್ಕಾಗಿಯೂ ಅಲ್ಲ, ಸರಳವಾದ ನಡೆಗಾಗಿ. ಹಸಿವನ್ನು ಗೆದ್ದೆನೆಂಬ ಮಾತಿಗಿಂತ ಹಸಿದವನಿಗಿಟ್ಟ ಒಂದು ರೊಟ್ಟಿ ಹಿರಿದೆಂಬುದನ್ನು ಸಾಧಕರು ಮನನಮಾಡತಕ್ಕದ್ದು.